ಅಧ್ಯಕ್ಷರ ಹೆಬ್ಬೆರಳು

ರಾಜಕೀಯ ಪಕ್ಷದ ಕಾರ್ಯದರ್ಶಿಯಾಗಿ ಕೂತವನಿಗೆ ನಗು ಬರುವ ಸಂಗತಿಗಳಿಗೇನೂ ಬರವಿಲ್ಲ. ಆದರೆ ನಕ್ಕು ಮುಗಿದ ಮೇಲೆ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಬೇಕೆನಿಸುವ ಸಂಗತಿಗಳು ನಮ್ಮ ವಲಯದಲ್ಲೇ ಹೆಚ್ಚು. ಅರಸೀಕೆರೆ, ಬೇಲೂರು, ಹಳೇಬೀಡು ಮೂರನ್ನೂ ಸೇರಿಸಿ ಪಕ್ಷ ಒಂದು ವಲಯ ಮಾಡಿದೆ. ಇದು ನಡೆದಾಗ ಅದರ ಕಾರ್ಯದರ್ಶಿ ನಾನು. ದೆವ್ವ ಭೂತಗಳಲ್ಲಿ ನನಗೆ ನಂಬಿಕೆಯಿಲ್ಲ. ನಡೆದದ್ದನ್ನು ನಡೆದಂತೆ ಬರೆದಿದ್ದೇನೆ, ಅಷ್ಟೆ.

ಸಕ್ಕರೆ

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಪದ ಅಂದ ಮೇಲೆ ಅರ್ಥ ಇರಬೇಕು, ಅದೂ ಖಚಿತವಾಗಿರಬೇಕು ಎಂದು ಪಾದ್ರಿಗಳು ರೂಲರ್ ಹಿಡಿದು ಕಲಿಸಿದ್ದಾರೆ. ಹಾಗಾಗಿ ನಮ್ಮವರು ಒಬ್ಬರನ್ನು ಮಾಡರೇಟು, ಇನ್ನೊಬ್ಬರನ್ನು ಲಿಬರಲ್ಲು, ಮತ್ತೊಬ್ಬರನ್ನು ಕಟ್ಟಾ ಎಂದು ಬಾಯಿಗೆ ಬಂದಂತೆ ಕರೆಯುವಾಗ ನನಗೆ ಮೈ ಉರಿಯುತ್ತಿತ್ತು. ಒಂದು ದಿನ ಅರಸೀಕೆರೆಯ ಕಚೇರಿಯಲ್ಲಿ ಎದ್ದು ನಿಂತೇಬಿಟ್ಟೆ.

"ಸೌಮ್ಯವಾದಿ ಅಂದರೆ ಗುರಿ ಎಲ್ಲರದ್ದೇ, ನಡಿಗೆ ಮಾತ್ರ ನಿಧಾನ. ಉದಾರವಾದಿ ಅಂದರೆ ತನಗೆ ಒಪ್ಪದ ಮಾತನ್ನು ಆಡುವುದಕ್ಕೂ ಇನ್ನೊಬ್ಬನಿಗೆ ಹಕ್ಕಿದೆ ಅನ್ನುವವನು. ಕಟ್ಟಾ ಅಂದರೆ ತತ್ವ ಬಿಟ್ಟು ಒಂದಂಗುಲ ಸರಿಯದವನು. ಈಗ ಹೇಳಿ, ನಮ್ಮಲ್ಲಿ ಯಾರು ಏನು?"

ಕೊಬ್ಬರಿ ಮಂಡಿಯ ಸಾಹುಕಾರರು ನಮ್ಮಲ್ಲಿ ಕಟ್ಟಾ ಎಂದು ಹೆಸರಾದವರು. ಅವರು ನಕ್ಕರು. "ಅಯ್ಯೋ ಸಾರ್, ಅಷ್ಟೊಂದು ಯಾಕೆ? ನಾನು ಬೈತೀನಿ, ಅದಕ್ಕೆ ಕಟ್ಟಾ. ಅರೇಹಳ್ಳಿ ಕಾಫಿ ಪ್ಲಾಂಟರು ಊಟ ಹಾಕುಸ್ತಾರೆ, ಅದಕ್ಕೆ ಲಿಬರಲ್ಲು. ನಮ್ಮ ಅಧ್ಯಕ್ಷರು ಬೈಯೋದೂ ಇಲ್ಲ, ಊಟ ಹಾಕ್ಸೋದೂ ಇಲ್ಲ. ಮಾಡರೇಟು."

ಪ್ಲಾಂಟರು ಹೌದೆಂದು ತಲೆಯಾಡಿಸಿದರು. ಬೇಲೂರಿನವರಾದ ಅಧ್ಯಕ್ಷರು ಎಂದಿನಂತೆ ತಲೆಯನ್ನು ಒಂದು ಕಡೆ ವಾಲಿಸಿ ಕೂತಿದ್ದರು. ಅಷ್ಟರಲ್ಲಿ ಕಾಫಿಯವನು ಬಂದ. "ಅರ್ಧ ಚಮಚ ಸಕ್ಕರೆ, ಒಂದು ಕಾಳೂ ಹೆಚ್ಚಿರಕೂಡದು" ಎಂದೆ ನಾನು. ಅಧ್ಯಕ್ಷರನ್ನು ಕೇಳಿದರೆ, "ಎಷ್ಟಾದ್ರೂ ಸರಿ, ನಿಮ್ಮಿಷ್ಟ" ಎಂದರು. ಅವನು ಅವರ ಲೋಟಕ್ಕೆ ಸಕ್ಕರೆ ಹಾಕುವುದನ್ನೇ ಮರೆತ. ಅಧ್ಯಕ್ಷರು ಪೂರ್ತಿ ಕುಡಿದು, "ಹದವಾಗಿದೆ" ಎಂದರು.

ಮಂಡಿಯವರು ನನ್ನ ಕಡೆ ತಿರುಗಿ, "ಮಾಡರೇಟಿಗೆ ಅರ್ಥ ಕೇಳಿದ್ರಲ್ಲ ಸಾರ್, ಸಿಕ್ತಾ?" ಎಂದರು.

ಸಂತಾಪ

ನಮ್ಮ ವಲಯಕ್ಕೆ ಮೊಬೈಲಿನಲ್ಲಿ ಒಂದು ಗ್ರೂಪಿದೆ. ಅದರಲ್ಲಿ ಒಂದು ಪದ್ಧತಿ. ಯಾರು ಏನೇ ಹಾಕಲಿ, ಅಧ್ಯಕ್ಷರು ಅದಕ್ಕೆ ಹೆಬ್ಬೆರಳೆತ್ತಿದ ಗುರುತು ಹಾಕಿದರೆ ಅದು ಪಾಸಾದಂತೆ. ಅಧ್ಯಕ್ಷರು ಹಾಕದೆ ಬಿಟ್ಟದ್ದೇ ಇಲ್ಲ. 'ಪ್ಲಾಂಟರನ್ನು ಪಕ್ಷದಿಂದ ತೆಗೆಯಿರಿ' ಎಂದು ಮಂಡಿಯವರು ಹಾಕಿದಾಗ ಹೆಬ್ಬೆರಳು. 'ಮಂಡಿಯವರನ್ನು ತೆಗೆಯಿರಿ' ಎಂದು ಪ್ಲಾಂಟರು ಹಾಕಿದಾಗಲೂ ಹೆಬ್ಬೆರಳು. ಹೀಗಾಗಿ ಇಬ್ಬರೂ ಪಕ್ಷದಲ್ಲೇ ಉಳಿದಿದ್ದರು.

ಒಂದು ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿದ ಅಧ್ಯಕ್ಷರು ಮತ್ತೆ ಏಳಲಿಲ್ಲ. ನಾನು ಅರಸೀಕೆರೆಯಲ್ಲಿದ್ದೆ. ಸುದ್ದಿ ತಿಳಿದ ಕೂಡಲೇ ಸಂತಾಪದ ನಾಲ್ಕು ಸಾಲು ಬರೆಯಲು ಕೂತು, ಎರಡು ಗಂಟೆ ತಿದ್ದಿ ಗ್ರೂಪಿಗೆ ಹಾಕಿದೆ. 'ನಮ್ಮ ಪ್ರೀತಿಯ ಅಧ್ಯಕ್ಷರು ಇನ್ನಿಲ್ಲ' ಎಂಬುದು ಮೊದಲ ಸಾಲು.

ಅದರ ಕೆಳಗೆ ಹೆಬ್ಬೆರಳು ಮೂಡಿತು. ಅಧ್ಯಕ್ಷರ ಹೆಸರಿನಲ್ಲಿ.

ಮಂಡಿಯವರ ಫೋನು ಬಂತು. ವಿಷಯ ಕೇಳಿದ ಕೂಡಲೇ ಬೇಲೂರಿಗೆ ಓಡಿದವರು ಅವರು. ಮೂರು ಬೀದಿಗೆ ಕೇಳಿಸುವ ಗಂಟಲು ಪಿಸುಗುಡುತ್ತಿತ್ತು. "ಸಾರ್, ನೋಡುದ್ರಾ?"

"ಮನೆಯವರು ಯಾರೋ ಒತ್ತಿರುತ್ತಾರೆ ಬಿಡಿ."

"ಮನೆಯವರೆಲ್ಲ ನನ್ನೆದುರಿಗೇ ಅವ್ರೆ ಸಾರ್. ಅಧ್ಯಕ್ಷರನ್ನ ಕೂರ್ಸವ್ರೆ, ವಿಭೂತಿ ಹಚ್ಚವ್ರೆ, ಸುತ್ತ ಎಲ್ಲಾ ಅಳ್ತಾ ಕೂತವ್ರೆ. ಫೋನು ಬೀರು ಮೇಲೈತೆ. ಒಂದು ಕೈಯೂ ಅದರತ್ರ ಹೋಗಿಲ್ಲ."

ಆ ಕಡೆಯಿಂದ ಅಳುವ ಸದ್ದು ಕೇಳುತ್ತಿತ್ತು. ಮಂಡಿಯವರು ನಿಟ್ಟುಸಿರು ಬಿಟ್ಟರು. "ಹೋಗ್ಲಿ ಬಿಡಿ ಸಾರ್. ಅವರು ಸತ್ತಿದ್ದಕ್ಕೆ ಅವರದ್ದೇನೂ ವಿರೋಧ ಇಲ್ಲ ಅಂತಾಯ್ತು."

ಮಂಜು

ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಪ್ಲಾಂಟರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಬೇಲೂರಿನಿಂದ ಅರೇಹಳ್ಳಿಗೆ ಹೊರಟರು. ಮುಂದಿನ ಅಧ್ಯಕ್ಷರು ಯಾರು ಎಂದು ಅವರಿಗೆ ನನ್ನೊಡನೆ ಮಾತಾಡಬೇಕಿತ್ತು. ಬಿಕ್ಕೋಡಿನ ಹತ್ತಿರ ಮಂಜು ಹೇಗಿತ್ತೆಂದರೆ ಜೀಪಿನ ಮೂತಿಯೇ ನಮಗೆ ಕಾಣುತ್ತಿರಲಿಲ್ಲ.

ದಾರಿಯಲ್ಲಿ ಯಾರು ಕೈ ಅಡ್ಡ ಹಿಡಿದರೂ ಜೀಪು ನಿಲ್ಲಿಸುವುದು ಪ್ಲಾಂಟರ ರೂಢಿ. ಎದುರು ಪಕ್ಷದವನಾದರೂ ಸರಿ, ತೋಟದಲ್ಲಿ ಅವರ ಮೇಲೆ ಮುಷ್ಕರ ಹೂಡಿದವನಾದರೂ ಸರಿ. ಅದರಿಂದಲೇ ಅವರ ಲಿಬರಲ್ ಪಟ್ಟ ಇನ್ನಷ್ಟು ಗಟ್ಟಿಯಾಗಿತ್ತು.

ಮಂಜಿನೊಳಗಿಂದ ಒಂದು ಕೈ ಬಂತು. ಬಿಳಿ ತೋಳು, ಮುಂದಕ್ಕೆ ಚಾಚಿದ ಹಸ್ತ. ಪ್ಲಾಂಟರು ನಿಲ್ಲಿಸಿದರು. ಹಿಂದಿನ ಬಾಗಿಲು ತೆರೆದುಕೊಂಡಿತು. ಯಾರೋ ಹತ್ತಿದಂತೆ ಜೀಪಿನ ಹಿಂಭಾಗ ತಗ್ಗಿತು. ಬಾಗಿಲು ಮುಚ್ಚಿತು. ಪ್ಲಾಂಟರು ಗೇರು ಹಾಕಿದರು.

ನಾನು ತಿರುಗಿ ನೋಡಿದೆ. ಸೀಟು ಖಾಲಿ. ಒದ್ದೆ ವಿಭೂತಿಯ ವಾಸನೆ ಮಾತ್ರ ಇತ್ತು.

"ಏನ್ರೀ, ಹಿಂದೆ ಯಾರೂ ಇಲ್ಲ!" ಎಂದೆ.

"ಹತ್ತಿದ್ರಲ್ಲ ಸಾರ್?"

"ಹತ್ತಿದರು. ಆದರೆ ಇಲ್ಲ."

ಪ್ಲಾಂಟರು ಕನ್ನಡಿಯತ್ತ ಕಣ್ಣು ಹಾಯಿಸಲೂ ಇಲ್ಲ. ತೋಟದ ಗೇಟು ಬರುವವರೆಗೂ ಉಸಿರು ಬಿಡದೆ ಓಡಿಸಿ, ಇಳಿದ ಮೇಲೆ ಹಿಂದಿನ ಬಾಗಿಲನ್ನು ತಾವೇ ತೆಗೆದು ಹಿಡಿದು ನಿಂತರು. ಯಾರೋ ಇಳಿಯುವಷ್ಟು ಹೊತ್ತು ಬಿಟ್ಟು ಮುಚ್ಚಿದರು.

"ಯಾರನ್ನು ಇಳಿಸಿದಿರಿ?" ಎಂದು ಕೇಳಿದೆ.

"ಅದೆಲ್ಲ ನಾವು ಕೇಳಬಾರದು ಸಾರ್" ಎಂದರು. "ಕೇಳಿದ್ರೆ ನಾನು ಲಿಬರಲ್ಲು ಹೆಂಗಾಗ್ತೀನಿ?"

ವಿನಂತಿ

ಅಷ್ಟರಲ್ಲಿ ಜಿಲ್ಲಾ ಸಮಿತಿಯಿಂದ ಮಾತು ಬಂತು. ಭಾನುವಾರದೊಳಗೆ ಎಲ್ಲರೂ ಒಪ್ಪಿದ ಒಂದು ಹೆಸರು ಹೇಳದಿದ್ದರೆ ಹಾಸನದಿಂದ ಯಾರನ್ನಾದರೂ ತಂದು ನಮ್ಮ ತಲೆಯ ಮೇಲೆ ಕೂರಿಸುತ್ತಾರೆ. ವಲಯ ಕಟ್ಟಿದ ನಮಗೆಲ್ಲ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ.

'ನಾನು ಮುಂದಿನ ಅಧ್ಯಕ್ಷನಾಗಬೇಕೆಂಬುದು ದಿವಂಗತರ ಆಸೆ' ಎಂದು ಮಂಡಿಯವರು ಗ್ರೂಪಿಗೆ ಹಾಕಿದರು. ದಿವಂಗತರಿಂದ ಹೆಬ್ಬೆರಳು ಬಂತು. ಪ್ಲಾಂಟರೂ ಅದೇ ಮಾತು ಹಾಕಿದರು. ಅವರಿಗೂ ಹೆಬ್ಬೆರಳು.

ಭಾನುವಾರ ಹಳೇಬೀಡಿನಲ್ಲಿ ಕೆರೆಗೆ ಮುಖ ಮಾಡಿದ ಒಂದು ಛತ್ರದಲ್ಲಿ ಸಭೆ ಸೇರಿದೆವು. ಹಾರ ಹಾಕಿದ ಅಧ್ಯಕ್ಷರ ಫೋಟೋ ಕುರ್ಚಿಯ ಮೇಲಿತ್ತು. ತಲೆ ಅದೇ ರೀತಿ ಒಂದು ಕಡೆ ವಾಲಿತ್ತು. ಇಬ್ಬರೂ ಮೊಬೈಲು ಎತ್ತಿ ಹಿಡಿದು "ಅಧ್ಯಕ್ಷರು ನನ್ನ ಕಡೆ", "ನನ್ನ ಕಡೆ" ಎಂದು ಜಗಳಕ್ಕೆ ನಿಂತರು.

ನಾನು ಮೇಜು ಗುದ್ದಿದೆ. "ಇದು ರಾಜಕೀಯ ಪಕ್ಷ. ಸತ್ತವರಿಗೆ ಇಲ್ಲಿ ಮತವಿಲ್ಲ. ಮೊದಲು ಅವರನ್ನು ಗ್ರೂಪಿನಿಂದ ತೆಗೆಯಿರಿ."

"ಹೆಂಗ್ ತೆಗೀತೀರಾ?" ಎಂದರು ಪ್ಲಾಂಟರು. "ಅಡ್ಮಿನ್ ಅವರೊಬ್ಬರೇ."

"ಹಾಗಾದರೆ ಬೇರೆ ಗ್ರೂಪು ಮಾಡಿ."

ಮಂಡಿಯವರು ಫೋಟೋದ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. "ಅಲ್ಲಿಗೂ ಬಂದ್ರೆ?"

ಹೊರಗೆ ಕೆರೆಯ ನೀರು ಒಂದಿಷ್ಟೂ ಅಲುಗದೆ ಬಿದ್ದಿತ್ತು. ನಿಯಮದ ಪ್ರಕಾರ ಉಳಿದಿದ್ದ ದಾರಿ ಒಂದೇ. ನಾನೇ ಗ್ರೂಪಿಗೆ ಹಾಕಿದೆ: 'ಮಾನ್ಯರೇ, ತಾವು ತೀರಿಕೊಂಡಿರುವುದರಿಂದ ದಯವಿಟ್ಟು ಗ್ರೂಪಿನಿಂದ ಹೊರಹೋಗಬೇಕಾಗಿ ವಿನಂತಿ.'

ಎಲ್ಲರ ಮೊಬೈಲುಗಳೂ ಕೈಯಲ್ಲೇ ನಡುಗಿದವು. ಹೆಬ್ಬೆರಳು ಬಂದಿತ್ತು. ನಾವು ಕಾದೆವು. ಅವರು ಹೊರಗೆ ಮಾತ್ರ ಹೋಗಲಿಲ್ಲ.

"ರಾಜೀನಾಮೆ ಕೇಳುದ್ರೆ ಸರಿ ಅಂತಿದ್ರು, ಕೊಡ್ತಿರ್ಲಿಲ್ಲ. ಬದುಕಿದ್ದಾಗ ಹೆಂಗಿದ್ರೋ ಹಂಗೇ ಅವ್ರೆ" ಎಂದರು ಮಂಡಿಯವರು.

ಸಭೆಯನ್ನು ಸಂಜೆಗೆ ಮುಂದೂಡಿದೆವು.

ನಿಮ್ಮಿಷ್ಟ

ಇದಕ್ಕೆ ಒಂದು ಕೊನೆ ಕಾಣಿಸುತ್ತೇನೆ ಎಂದು ನಾನೊಬ್ಬನೇ ಅಲ್ಲಿಂದ ನೇರ ಬೇಲೂರಿಗೆ, ಅಧ್ಯಕ್ಷರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು.

"ಅಮ್ಮಾ, ತಪ್ಪು ತಿಳಿಯಬೇಡಿ. ಅಧ್ಯಕ್ಷರ ಫೋನನ್ನು ಯಾರು ಉಪಯೋಗಿಸುತ್ತಿದ್ದಾರೆ?"

"ಫೋನಾ? ಅವತ್ತು ಸಂಜೆನೇ ಆರಿಸಿ ದೇವರ ಗೂಡಲ್ಲಿ ಇಟ್ಟೆ ಕಣ್ರೀ. ಚಾರ್ಜೂ ಹಾಕಿಲ್ಲ" ಎನ್ನುತ್ತ, ವಿಭೂತಿ ಗಟ್ಟಿಯ ಪಕ್ಕದಲ್ಲಿದ್ದುದನ್ನು ತಂದು ನನ್ನ ಕೈಗೇ ಕೊಟ್ಟು ಕಾಫಿಗೆಂದು ಒಳಗೆ ಹೋದರು.

ಗುಂಡಿ ಒತ್ತಿದೆ. ಒತ್ತಿ ಹಿಡಿದೆ. ಫೋನು ಕಲ್ಲಿನಂತೆ ತಣ್ಣಗಿತ್ತು. ಕಪ್ಪು ಗಾಜಿನಲ್ಲಿ ನನ್ನ ಮುಖ ಕಂಡಿತು. ತಲೆ ಯಾಕೋ ಸ್ವಲ್ಪ ಒಂದು ಕಡೆ ವಾಲಿತ್ತು. ಸರಿಯಾಗಿ ನೆಟ್ಟಗೆ ಕೂತೆ.

ಆಗ ನನಗೆ ರೇಗಿತು. ಎಡಗೈಯಲ್ಲಿ ಆ ಸತ್ತ ಫೋನು ಹಿಡಿದೇ, ಬಲಗೈಯಲ್ಲಿ ನನ್ನದನ್ನು ತೆಗೆದು ಗ್ರೂಪಿಗೆ ಹಾಕಿದೆ: 'ಪದಗಳಿಗೆ ಅರ್ಥವಿಲ್ಲದ, ಸತ್ತವರ ಒಪ್ಪಿಗೆಯ ಮೇಲೆ ನಡೆಯುವ ವಲಯದಲ್ಲಿ ನಾನು ಇರಲಾರೆ. ಇದು ನನ್ನ ರಾಜೀನಾಮೆ.'

ಹೆಬ್ಬೆರಳು ಬಂತು.

ಎಡಗೈಯ ಫೋನು ಅಲುಗಿರಲಿಲ್ಲ, ಬೆಳಗಿರಲಿಲ್ಲ. ನೋಡುತ್ತಿರುವಂತೆಯೇ ನನ್ನ ಮೊಬೈಲಿನಲ್ಲಿ ಇನ್ನೊಂದು ಸಾಲು ಮೂಡಿತು: 'ನೀವು ಈಗ ಈ ಗ್ರೂಪಿನ ಅಡ್ಮಿನ್.'

ಮರುಕ್ಷಣ ಮಂಡಿಯವರ ಫೋನು. "ರಾಜೀನಾಮೆ ಯಾಕೆ ಸಾರ್? ನಿಮ್ಮನ್ನೇ ಅಡ್ಮಿನ್ ಮಾಡಿ ಅಧ್ಯಕ್ಷರೇ ಹೇಳ್ಬಿಟ್ರಲ್ಲ! ನೀವೇ ಆಗ್ಬುಡಿ. ಪ್ಲಾಂಟರು ಆಗೋದಕ್ಕಿಂತ ವಾಸಿ."

ಅದು ಮುಗಿಯುವ ಮೊದಲೇ ಪ್ಲಾಂಟರು. "ನೀವೇ ಸಾರ್. ಮಂಡಿಯೋರಾಗೋದು ತಪ್ಪುತ್ತೆ. ಇಬ್ಬರಿಗೂ ಒಪ್ಪಿಗೆ ಅಂದ್ಮೇಲೆ ಇನ್ನೇನು? ಹಾಸನಕ್ಕೆ ನಿಮ್ಮ ಹೆಸರೇ ಹೇಳ್ಬಿಟ್ಟೆ."

ಅಧ್ಯಕ್ಷರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ನಮ್ಮೋರೂ ಹಿಂಗೇ ಕಣ್ರೀ" ಎಂದರು. "ಮೊದಲು ನಿಮಗಿಂತ ಖಡಕ್ಕಾಗಿದ್ರು. ಎಲ್ಲದಕ್ಕೂ ಅರ್ಥ ಹೇಳಿ ಅನ್ನೋರು. ಒಂದಿನ ಸಿಟ್ಟು ಬಂದು ರಾಜೀನಾಮೆ ಕೊಟ್ಟರು, ಅವತ್ತೇ ಅಧ್ಯಕ್ಷರನ್ನ ಮಾಡಿಬಿಟ್ರು. ಇರಲಿ, ಕಾಫಿಗೆ ಸಕ್ಕರೆ ಎಷ್ಟು ಹಾಕಲಿ?"

ಅರ್ಧ ಚಮಚ ಎನ್ನಲು ಬಾಯಿ ತೆರೆದೆ. ದೇವರಾಣೆ, ಅದನ್ನೇ ಹೇಳಲು ತೆರೆದದ್ದು.

"ಎಷ್ಟಾದ್ರೂ ಸರಿ" ಎಂದಿತು ಬಾಯಿ. "ನಿಮ್ಮಿಷ್ಟ."