ಒಬ್ಬಂಟಿಯ ಮನೆ

ಮನೆ ಕುಸಿದದ್ದು ಬೆಳಗಿನ ಕಾಫಿಗೂ ಮುಂಚೆ. ಅಕ್ಕನ ಅತ್ತೆ ಕಾಲುಚೀಲ ಹಾಕಿಕೊಳ್ಳೋಣ ಅಂತ ಅದರ ಮೇಲೆ ಕೂತರು, ಅಷ್ಟೇ. ಗೋಡೆ, ಕಿಟಕಿ, ಚಾವಣಿ ಎಲ್ಲ ಒಂದೇ ಏಟಿಗೆ ಅಪ್ಪಚ್ಚಿ.

"ಅಯ್ಯೋ ನನ್ನ ಸೊಂಟ! ಎಂಥಾ ಲಡ್ಡು ಹಿಡಿದ ಸ್ಟೂಲು ತಂದಿಟ್ಟಿದೀರೋ ಇಲ್ಲಿ?" ಎಂದು ಅವರೇ ಎಲ್ಲರನ್ನೂ ಬೈದರು.

ಅದು ಸ್ಟೂಲಲ್ಲ. ಬಿಳೀ ರಟ್ಟಿನಲ್ಲಿ ಮಾಡಿದ ಪುಟ್ಟ ಮನೆ. ಅಕ್ಕನ ತಮ್ಮ ಬ್ಲೇಡು, ಅಂಟು, ಬೆರಳು ಮೂರನ್ನೂ ಸವೆಸಿ ಅದನ್ನು ಕಟ್ಟಿದ್ದ. ಅವನಿಗೆ ಹೆತ್ತವರು ಇಟ್ಟ ಚಂದದ ಹೆಸರೊಂದಿದೆ, ಯಾರಿಗೆ ಬೇಕು ಅದು? ಇಡೀ ಕಟ್ಟಡ ಅವನನ್ನು ಕರೆಯುವುದು ಜೋಲುಮೋರೆ ಅಂತ. ಅವನು ನಗುತ್ತಿದ್ದಾಗಲೂ ಜನ ಹತ್ತಿರ ಬಂದು, "ಯಾರಪ್ಪಾ ಹೋದ್ರು?" ಎಂದು ಮೆಲ್ಲಗೆ ಕೇಳುತ್ತಿದ್ದರು. ಅಂಥ ಮುಖ.

ಅವನು ಓದುತ್ತಿದ್ದ ಕಾಲೇಜಿನಲ್ಲಿ ಚಿತ್ರಕಲೆಯ ಇತಿಹಾಸ, ಸಿನಿಮಾ, ಕಟ್ಟಡಕಲೆ ಮೂರನ್ನೂ ಒಟ್ಟಿಗೆ ಕಲಿಸುತ್ತಿದ್ದರು. ಏನು ಓದ್ತಿದೀಯಾ ಎಂದು ಯಾರಾದರೂ ಕೇಳಿದರೆ, ಅವನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಬಸ್ಸು ಹತ್ತಿರುತ್ತಿದ್ದರು. ಕೊನೆಯ ವರ್ಷ ಪ್ರತಿ ವಿದ್ಯಾರ್ಥಿಯೂ ತನ್ನದೇ ಒಂದು ಕೃತಿ ಮಾಡಿ ತೋರಿಸಬೇಕು. ಮೂರು ವಿಭಾಗಗಳಲ್ಲಿ ಯಾವುದಾದರೂ ಒಂದು "ಇದು ನಮ್ಮದು" ಎಂದು ಅದನ್ನು ಒಪ್ಪಿಕೊಂಡರೆ ಪಾಸು. ಯಾರೂ ಒಪ್ಪದಿದ್ದರೆ ಮನೆಗೆ.

ಜೋಲುಮೋರೆ ಆಗಲೇ ಎರಡು ಸಲ ಮನೆಗೆ ಬಂದಿದ್ದ. ಚಿತ್ರಕಲೆಯ ಮೇಡಮ್ಮು, "ಇದು ಸಿನಿಮಾದವರ ಸರಕು" ಎಂದಿದ್ದರು. ಸಿನಿಮಾ ಮೇಷ್ಟ್ರು, "ಇದರಲ್ಲಿ ಗೋಡೆ ಬಿಟ್ರೆ ಏನಿದೆ? ಕಟ್ಟಡದವರಿಗೆ ಕೊಡಿ" ಎಂದಿದ್ದರು. ಕಟ್ಟಡದ ಮೇಷ್ಟ್ರು, "ಇದರೊಳಗೆ ಮನುಷ್ಯ ಇರೋಕಾಗುತ್ತೇನ್ರೀ? ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿ" ಎಂದು ವಾಪಸು ಮೇಡಮ್ಮನ ಕಡೆಗೇ ತಳ್ಳಿದ್ದರು. ಹುಡುಗ ಚೆಂಡಾಗಿಹೋಗಿದ್ದ.

ಈ ದಿನ ಮೂರನೆಯ ಸಲ. ಕಾಲೇಜು ಕೊಡುವುದು ಮೂರೇ ಅವಕಾಶ. ಭಾವ ಹಿಂದಿನ ದಿನವೇ ಹೇಳಿದ್ದ: "ಈ ಸಲಾನೂ ಡುಮ್ಕಿ ಹೊಡೆದ್ಯೋ, ಮಾರನೇ ದಿನದಿಂದ್ಲೇ ಅಂಗಡಿಗೆ ಬಾ. ಒಂದು ಕೆಲಸ ನಿನಗೇ ಅಂತ ಖಾಲಿ ಇಟ್ಟಿದೀನಿ." ಭಾವನದು ಸಿಂಕು, ನಲ್ಲಿ, ಕಮೋಡುಗಳ ಅಂಗಡಿ. ಜೋಲುಮೋರೆಗೆ ಕಮೋಡಿನ ಭಯವಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡ ಭಯ ಅಕ್ಕನ ವಿಷಯದ್ದು. ಇಷ್ಟು ವರ್ಷವೂ ಅವಳು ಗಂಡನ ಎದುರು, "ನನ್ನ ತಮ್ಮ ದಡ್ಡನಲ್ಲ, ಸ್ವಲ್ಪ ತಡ ಅಷ್ಟೇ" ಎಂದು ವಾದಿಸಿ ಅವನನ್ನು ಓದಿಸಿದ್ದಳು. ಅವಳ ಮಾತು ಮಣ್ಣುಪಾಲಾಗುತ್ತದಲ್ಲ ಎಂದು ನೆನೆದರೆ ಅವನಿಗೆ ಊಟ ಇಳಿಯುತ್ತಿರಲಿಲ್ಲ.

ಅಪ್ಪಚ್ಚಿಯಾದ ರಟ್ಟನ್ನು ನೋಡಿ ಅಕ್ಕ ಕಿರುಚಿದಳು. ಆ ಸದ್ದಿಗೆ ಮಹಡಿಯ ಮೇಲಿಂದ ಟೈಲರಮ್ಮ ಇಂಚುಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಓಡಿಬಂದಳು. ಪಕ್ಕದ ಮನೆಯ ಮೇಸ್ತ್ರಿಯೂ ಬಂದ. ಬೀದಿಯ ಅರ್ಧ ಮನೆಗಳನ್ನು ಕಟ್ಟಿ ನಿವೃತ್ತನಾದ ಮನುಷ್ಯ. ಉಳಿದರ್ಧ ಬೀದಿಯವರು ತಾವು ಬಚಾವಾದೆವೆಂದು ಇವತ್ತಿಗೂ ನೆಮ್ಮದಿಯ ಉಸಿರು ಬಿಡುತ್ತಾರೆ.

"ಕಟ್ಟಿದೋನು ಯಾರು? ಪಿಲ್ಲರ್ರೇ ಇಲ್ವಲ್ಲೋ!" ಎಂದ ಮೇಸ್ತ್ರಿ. "ಸರಿ, ಅಡುಗೆಮನೆ ಎಲ್ಲಿ?"

"ಅಡುಗೆಮನೆ ಇಲ್ಲ ಮೇಸ್ತ್ರಿ."

"ಬಚ್ಚಲು?"

"ಅದೂ ಇಲ್ಲ. ಒಂದೇ ಕೋಣೆ, ಒಂದೇ ಕಿಟಕಿ. ಒಬ್ಬಂಟಿ ಮನುಷ್ಯನ ದುಃಖ ಅದರಲ್ಲಿ ಕಾಣಬೇಕು."

"ಬಚ್ಚಲಿಲ್ಲದ ಮನೇಲಿ ದುಃಖ ಬರದೆ ಇನ್ನೇನಯ್ಯಾ ಬರುತ್ತೆ!"

ಕೃತಿ ಅಂದರೆ ಬರೀ ಮನೆಯಲ್ಲ. ಬೆಳಗಿನ ಬಿಸಿಲು ಆ ಪುಟ್ಟ ಕಿಟಕಿಯಿಂದ ಒಳಗೆ ಬಂದು, ಖಾಲಿ ಗೋಡೆಯ ಮೇಲೆ ತೆವಳಿ ಮಾಯವಾಗುವುದನ್ನು ಫೋನಿನಲ್ಲಿ ಹಿಡಿದು ಒಂದು ಚಿಕ್ಕ ಸಿನಿಮಾ ಮಾಡಬೇಕಿತ್ತು. ಅಕ್ಕನ ಮನೆಯ ಆ ಕೋಣೆಗೆ ಬಿಸಿಲು ಬರುವುದೇ ಸ್ವಲ್ಪ ಹೊತ್ತು. ಜೋಲುಮೋರೆ ಗೋಡೆಗಳನ್ನು ಎತ್ತಿ ನಿಲ್ಲಿಸಿ, ಫೋನನ್ನು ಒಳಗಿಟ್ಟು ಗುಂಡಿ ಒತ್ತಿ, ಚಾವಣಿ ಮುಚ್ಚಿ, "ದಮ್ಮಯ್ಯ, ಎಲ್ಲರೂ ಹಿಂದೆ ಸರೀರಿ" ಎಂದು ಬೇಡಿಕೊಂಡ.

ಸರಿದವರು ಯಾರು? ಮೇಸ್ತ್ರಿ ಬಗ್ಗಿ ಕಿಟಕಿಯೊಳಗೆ ಕಣ್ಣಿಟ್ಟು, "ಗೋಡೆ ವಾಲಿದೆ" ಎಂದ. ಸರಿಮಾಡಲು ಹೋಗಿ ಇನ್ನಷ್ಟು ವಾಲಿಸಿದ. ಟೈಲರಮ್ಮ ಎರಡು ಬೆರಳು ತೂರಿಸಿ ಹೂವಿನ ಬಟ್ಟೆಯ ಚೂರೊಂದನ್ನು ಪರದೆಯಾಗಿ ಕಟ್ಟಿದಳು. "ಒಂಟಿ ಗಂಡಸಿನ ಮನೆ ಅಂತೀಯ, ಪರದೆ ಬೇಡವಾ? ಎದುರುಮನೆಯವರು ಏನಂದಾರು?" ಅತ್ತೆ ತಮ್ಮ ಕನ್ನಡಕ ಒಳಗೆ ಬಿದ್ದಿರಬಹುದೆಂದು ಚಾವಣಿ ಎತ್ತಿ ಕೈಯಾಡಿಸಿದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಇಷ್ಟಾಗುವಷ್ಟರಲ್ಲಿ ಬಿಸಿಲು ಹೊರಟುಹೋಯಿತು. ಜೋಲುಮೋರೆ ಮೂಲೆಯಲ್ಲಿ ಕೂತು ಮುಖ ಮುಚ್ಚಿಕೊಂಡ.

"ಅಳಬೇಡ ಕಣೋ. ಫೋನಿನಲ್ಲಿ ಬಂದಿರೋದನ್ನೇ ತೋರಿಸು" ಎಂದಳು ಅಕ್ಕ.

ಮೇಸ್ತ್ರಿ ತಾನೇ ಮನೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಾಲೇಜಿನವರೆಗೂ ಬಂದ. "ನಾನು ಕಟ್ಟಿದ ಮನೇನ ಅರ್ಧದಲ್ಲಿ ಬಿಡೋನಲ್ಲ" ಎಂದು ದಾರಿಯುದ್ದಕ್ಕೂ ಪಕ್ಕದ ಸೀಟಿನವರಿಗೆ ವಿವರಿಸಿದ. ಕಾಲೇಜಿನಲ್ಲಿ ಅವನನ್ನು ಬಾಗಿಲ ಹೊರಗೇ ನಿಲ್ಲಿಸಿದರು.

ಒಳಗೆ ಮೂವರೂ ಒಬ್ಬರಿಗೊಬ್ಬರು ತಾಗದಂತೆ ಮೂರು ದಿಕ್ಕಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಜೋಲುಮೋರೆ ಸೊಟ್ಟ ಮನೆಯನ್ನು ಮೇಜಿನ ಮೇಲಿಟ್ಟ. ದೀಪ ಆರಿಸಿ ಸಿನಿಮಾ ಹಾಕಿದ. ತೆರೆಯ ತುಂಬ ಖಾಲಿ ಬಿಳೀ ಕೋಣೆ. ಕಿಟಕಿಯಲ್ಲಿ ಇದ್ದಕ್ಕಿದ್ದಂತೆ ಕೆಂಪು ನರಗಳ ಒಂದು ದೈತ್ಯ ಕಣ್ಣು. ಗೋಡೆ ನಿಧಾನವಾಗಿ ವಾಲಿತು. ಮರದ ದಿಮ್ಮಿಯಂಥ ಎರಡು ಬೆರಳು ಬಂದು ಪರದೆ ಕಟ್ಟಿದವು. ಆಮೇಲೆ ಚಾವಣಿಯೇ ಮೇಲೆದ್ದು, ಸುಕ್ಕುಗಟ್ಟಿದ ಕೈಯೊಂದು ಇಳಿದುಬಂದು, ಇಲ್ಲದ್ದನ್ನು ಹುಡುಕಿ ಬರಿಗೈಯಲ್ಲಿ ವಾಪಸಾಯಿತು. ಕತ್ತಲಾಯಿತು.

ದೀಪ ಹತ್ತಿತು. ಮುಗೀತು ನನ್ನ ಕತೆ ಎಂದುಕೊಂಡ ಜೋಲುಮೋರೆ.

"ಆ ಕೈ..." ಎಂದು ಮೇಡಮ್ಮು ಕಣ್ಣೊರೆಸಿಕೊಂಡರು. "ಹಳೆಯ ಚಿತ್ರಗಳಲ್ಲಿ ಮೋಡದಿಂದ ಇಳಿಯುವ ಕೈ ಅದು. ಪೂರ್ತಿ ಚಿತ್ರಕಲೆ. ಇದು ನಮ್ಮದು."

ಇಡೀ ಜನ್ಮದಲ್ಲಿ ಜೋಲುಮೋರೆಗೆ ಅಷ್ಟು ಸಂತೋಷವಾಗಿರಲಿಲ್ಲ.

"ನಿಮ್ಮದು ಹೇಗಾಗುತ್ತೆ ಮೇಡಂ?" ಸಿನಿಮಾ ಮೇಷ್ಟ್ರು ಎದ್ದುನಿಂತರು. "ಆ ಕಣ್ಣು ಬಂದ ಕ್ಷಣ ನನಗೆ ಬೆವರಿಳೀತು. ಕ್ಯಾಮೆರಾ ಇಲ್ಲದಿದ್ರೆ ಎಲ್ಲಿತ್ತು ಆ ಕಣ್ಣು? ಇದು ನಮ್ಮದು."

"ಮನೆ ಇಲ್ಲದೆ ಕಿಟಕಿ ಎಲ್ಲಿಂದ ಬಂತ್ರೀ?" ಕಟ್ಟಡದ ಮೇಷ್ಟ್ರು ಮೇಜು ಗುದ್ದಿದರು. ಗೋಡೆ ಇನ್ನೊಂದಿಷ್ಟು ವಾಲಿತು. "ಈ ವಾಲುವಿಕೆ ನೋಡಿ! ಜನ ಬಳಸಿ ಬಳಸಿ ಸೊಟ್ಟಗಾದ ಮನೆ. ಮೂವತ್ತು ವರ್ಷದಿಂದ ಇದನ್ನೇ ಪಾಠ ಮಾಡ್ತಿದೀನಿ. ನಮ್ಮದು, ನಮ್ಮದು, ನಮ್ಮದು!"

ಗಲಾಟೆ ಕೇಳಿ ಪ್ರಿನ್ಸಿಪಾಲರು ಬಂದರು. ಮೂವರನ್ನೂ ಕೇಳಿದರು, ನಿಯಮ ಓದಿದರು, ತಲೆ ಕೆರೆದುಕೊಂಡರು. "ಒಂದು ಕೃತಿ ಒಂದೇ ವಿಭಾಗಕ್ಕೆ ಸೇರಬೇಕು ಕಣಪ್ಪ. ಯಾರದು ಅಂತ ತೀರ್ಮಾನ ಆಗೋವರೆಗೂ ನಿನ್ನ ಫಲಿತಾಂಶ ತಡೆಹಿಡಿದಿರ್ತೀವಿ."

"ಯಾರು ತೀರ್ಮಾನ ಮಾಡ್ತಾರೆ ಸಾರ್?"

"ಸಮಿತಿ."

"ಸಮಿತೀಲಿ ಯಾರಿದಾರೆ?"

"ಇನ್ಯಾರು, ಇವರೇ ಮೂವರು. ಎಲ್ಲರೂ ಒಮ್ಮತದಿಂದ ಹೇಳಬೇಕು." ಪ್ರಿನ್ಸಿಪಾಲರು ಕಿರುಚಾಡುತ್ತಿದ್ದ ಮೂವರ ಕಡೆಗೊಮ್ಮೆ ನೋಡಿ, ಹುಡುಗನ ಭುಜ ತಟ್ಟಿದರು. "ನಾನು ಈ ಕುರ್ಚಿಗೆ ಬಂದಾಗಿನಿಂದ ಇವರು ಯಾವುದಕ್ಕೂ ಒಮ್ಮತಕ್ಕೆ ಬಂದಿಲ್ಲ. ಆದ್ರೂ ಧೈರ್ಯವಾಗಿರು."

ಯಾರಿಗೂ ಬೇಡವಾಗಿ ಎರಡು ಸಲ ಪಾಸು ಹೋಗಿತ್ತು. ಎಲ್ಲರಿಗೂ ಬೇಕಾಗಿ ಈ ಸಲ ಹೋಯಿತು. ಹೊರಗೆ ಬಂದು ನೋಡಿದರೆ ಮೇಸ್ತ್ರಿ ಇರಲಿಲ್ಲ. ಜೋಲುಮೋರೆ ಬಸ್ಸಿಗೂ ಕಾಯದೆ ನಡೆದೇ ಹೊರಟ. ದಾರಿಯಲ್ಲಿ ಒಂದೇ ಸಮಾಧಾನ ಹೇಳಿಕೊಂಡ: ಹೋಗಲಿ, ಅಂಗಡಿಯಾದರೂ ಇದೆ. ಅಕ್ಕನಿಗೆ ಹೊರೆಯಾಗುವುದು ತಪ್ಪುತ್ತದೆ.

ಮನೆಯ ಬಾಗಿಲಲ್ಲೇ ಭಾವ ಬಾಚಿ ತಬ್ಬಿಕೊಂಡ. ಇಷ್ಟು ವರ್ಷದಲ್ಲಿ ಮೊದಲ ಸಲ. ಹಿಂದೆ ಅಕ್ಕ ನಿಂತು ನಗುತ್ತಲೇ ಅಳುತ್ತಿದ್ದಳು.

"ಭೇಷ್ ಕಣೋ ಹುಲಿ! ಮೇಸ್ತ್ರಿ ಬಾಗಿಲ ಹೊರಗಿಂದ್ಲೇ ಕೇಳಿಸ್ಕೊಂಡು ಫೋನ್ ಮಾಡಿ ಎಲ್ಲಾ ಹೇಳಿದ. ಮೂರೂ ಜನ ನಮ್ಮದು ನಮ್ಮದು ಅಂತ ಕಿತ್ತಾಡ್ತಿದ್ರಂತೆ! ಒಬ್ಬರು ಅಂದ್ರೆ ಪಾಸು, ಮೂವರು ಅಂದ್ರೆ?"

"ಭಾವ, ಅದು..."

"ನಾನು ನಿನ್ನ ವಿಷಯದಲ್ಲಿ ತಪ್ಪು ತಿಳಿದಿದ್ದೆ, ಒಪ್ಕೋತೀನಿ. ನಿನ್ನಂಥೋನು ಕಮೋಡು ಮಾರೋದಾ? ಛೆ! ಮೇಸ್ತ್ರಿಯ ಸೋದರಳಿಯ ಒಬ್ಬ ಖಾಲಿ ಕೂತಿದ್ದನಂತೆ. ಆ ಕೆಲಸಕ್ಕೆ ಅವನನ್ನ ಹಾಕ್ಕೊಂಡೆ. ಮಧ್ಯಾಹ್ನವೇ ಬಂದು ಶುರು ಹಚ್ಕೊಂಡ, ಚುರುಕಾಗಿದಾನೆ."

ಜೋಲುಮೋರೆ ನಡೆದದ್ದನ್ನು ಹೇಳಿದ. ಹೇಳುತ್ತಾ ಹೋದಂತೆ ಭಾವನ ಕೈ ಅವನ ಹೆಗಲಿಂದ ಮೆಲ್ಲಗೆ ಜಾರಿತು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿ ಅನಿಸಿತು ಅವನಿಗೆ.

"ಭಾವ," ಎಂದ ಕೊನೆಗೆ, ನೆಲ ನೋಡುತ್ತಾ. "ಗೋಡೌನಿನಲ್ಲಿ ಏನಾದ್ರೂ...?"

"ಅಲ್ಲೂ ಒಬ್ಬ ಬೇಕಿತ್ತು ಕಣೋ," ಎಂದ ಭಾವ ನಿಜವಾದ ಮರುಕದಿಂದ. "ಮೇಸ್ತ್ರಿಗೆ ಇಬ್ಬರು ಸೋದರಳಿಯಂದಿರು."