ಸಹಭೋಜನದ ಪೂರ್ವಾನುಭವ

1996ನೇ ಇಸವಿ ಡಿಸೆಂಬರ್ ಎಂಟರ ಭಾನುವಾರ, ಅಹಮದಾಬಾದಿನ ಬೋಪಾಲ್ ಬಡಾವಣೆಯ ನಿವಾಸಿ ಶ್ರೀಮತಿ ಗಿರಿಜಾಬಾಯಿಯವರು, ತಮ್ಮ ಪತಿಯ ಎದುರಿಗೆ ಕೂತು, ಪತಿ ಉಣ್ಣುವ ಹೊತ್ತಿಗೇ, ಬಿಸಿ ಊಟ ಮಾಡತಕ್ಕದ್ದೆಂದು ತೀರ್ಮಾನಿಸಿದರು. ಇದಕ್ಕೆ ಆ ಮನೆಯಲ್ಲಿ ಪೂರ್ವನಿದರ್ಶನ ಇರಲಿಲ್ಲ.

ದಾಖಲೆಗಾಗಿ ಹೇಳುವುದಾದರೆ, ಈ ದಂಪತಿ ಒಟ್ಟಿಗೆ ಉಂಡದ್ದು ಒಂದೇ ಸಲ: 1974ರಲ್ಲಿ, ಧಾರವಾಡದಲ್ಲಿ, ಮದುವೆ ದಿನದ ಭೂಮದ ಊಟದಲ್ಲಿ. ಮದುಮಕ್ಕಳನ್ನು ಒಂದೇ ಎಲೆಗೆ ಕೂರಿಸಿ ಒಬ್ಬರಿಗೊಬ್ಬರು ತುತ್ತು ತಿನ್ನಿಸುವ ಆ ಶಾಸ್ತ್ರದಲ್ಲಿ, ಫೋಟೊದವನು ರೋಲು ಬದಲಾಯಿಸುವಷ್ಟರಲ್ಲಿ ಅನ್ನ ಆರಿಹೋಗಿತ್ತು. ಮರುದಿನದಿಂದ ಶ್ರೀಪಾದರಾಯರು ಉಣ್ಣುವುದು, ಗಿರಿಜಾಬಾಯಿ ಬಡಿಸುವುದು, ಆಮೇಲೆ ಉಳಿದದ್ದನ್ನು ಅಡುಗೆಮನೆಯಲ್ಲಿ ಒಬ್ಬರೇ ಉಣ್ಣುವುದು ಎಂಬ ಏರ್ಪಾಡು ಜಾರಿಗೆ ಬಂತು. ಯಾರೂ ಆದೇಶ ಹೊರಡಿಸಿರಲಿಲ್ಲ. ಹಾಗಾಗಿ ಅದನ್ನು ರದ್ದು ಮಾಡುವುದು ಹೇಗೆಂದು ಯಾರಿಗೂ ಹೊಳೆದಿರಲಿಲ್ಲ.

ಶ್ರೀಪಾದರಾಯರು ವಿಮಾ ಕಚೇರಿಯೊಂದರ ಕ್ಲೇಮು ವಿಭಾಗದ ಅಧಿಕಾರಿ. ನಾನು ಅವರ ಕೈಕೆಳಗಿನ ಗುಮಾಸ್ತ. ಸತ್ತವನ ಹೆಂಡತಿ ಮರಣಪತ್ರ ತಂದುಕೊಟ್ಟರೆ, ಅವನು ಅದಕ್ಕೂ ಮುಂಚೆ ಬದುಕಿದ್ದ ಎನ್ನಲು ಏನು ದಾಖಲೆ ಎಂದು ಕೇಳಿದ ಅಧಿಕಾರಿ ನನ್ನ ತಿಳಿವಳಿಕೆಯ ಮಟ್ಟಿಗೆ ಅವರೊಬ್ಬರೇ. ಕೆಟ್ಟವರಲ್ಲ. ಒಳ್ಳೆಯವರು ಎನ್ನಲು ನನ್ನ ಹತ್ತಿರ ಕಾಗದಪತ್ರ ಇಲ್ಲ, ಅಷ್ಟೆ.

"ಇಪ್ಪತ್ತೆರಡು ವರ್ಷದಿಂದ ದಿನಾ ಉಂಡು ಎದ್ದು, ಛಲೋ ಆಗೇದ ಅಂತೀರಿ," ಎಂದರು ಗಿರಿಜಾಬಾಯಿ ಆ ಬೆಳಿಗ್ಗೆ. "ಅದು ಖರೇನೋ ಸುಳ್ಳೋ ನನಗ ಗೊತ್ತಾಗೂದರಾಗ ಎಲ್ಲಾ ಆರಿ ತಣ್ಣಗಾಗಿರ್ತದ. ಇವತ್ತ ನಾ ಅಡಗಿ ಮಾಡಂಗಿಲ್ಲ, ಬಡಸಂಗಿಲ್ಲ. ಇಬ್ಬರೂ ಎದುರಾಬದುರಾ ಕೂತು ಬಿಸಿಬಿಸಿ ಉಣೂದು."

"ಎಲ್ಲೆ?"

"ಇಟಲಿಯೊಳಗ."

ಇಟಲಿ ಅವರ ಮನೆಯಿಂದ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಹೆದ್ದಾರಿಯ ಪಕ್ಕದ ಇಪ್ಪತ್ತು ಎಕರೆಯಲ್ಲಿ ಆರು ದೇಶಗಳನ್ನು ಅಡಗಿಸಿಟ್ಟು 'ವಿಶ್ವವಿಹಾರ' ಎಂಬ ಮನರಂಜನಾ ಉದ್ಯಾನ ಆ ವರ್ಷವೇ ತೆರೆದಿತ್ತು. ಇಟಲಿಗೆ ಒಂದು ಗೋಪುರವೂ ಇತ್ತು. ನರೋಡಾದಲ್ಲಿ ಕಾರ್ಖಾನೆಗಳಿಗೆ ಚಿಮಣಿ ಮಾಡಿಕೊಡುವವರು ಅದನ್ನು ನಕ್ಷೆಯಂತೆ ವಾಲಿಸಿಯೇ ಕಟ್ಟಿದ್ದರು. ಆದರೆ ತಪಾಸಣೆಗೆ ಬಂದ ಎಂಜಿನಿಯರು ವಾಲಿದ ಕಟ್ಟಡಕ್ಕೆ ಸಹಿ ಹಾಕಲು ಒಪ್ಪದ್ದರಿಂದ ಅದನ್ನು ನೆಟ್ಟಗೆ ಮಾಡಲಾಗಿತ್ತು. 'ಮೂಲ ಗೋಪುರದಲ್ಲಿ ಕಂಡುಬಂದ ಲೋಪವನ್ನು ಇಲ್ಲಿ ಸರಿಪಡಿಸಲಾಗಿದೆ' ಎಂಬ ಫಲಕದ ಮುಂದೆ ಜನ ಹೆಮ್ಮೆಯಿಂದ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಶ್ರೀಪಾದರಾಯರು ಫಲಕವನ್ನು ಎರಡು ಸಲ ಓದಿ, ಇದು ಜವಾಬ್ದಾರಿಯುತ ಸಂಸ್ಥೆ ಎಂದರು.

ಗೋಪುರದ ಬುಡದಲ್ಲೇ 'ರೋಮ್ ಭೋಜನಾಲಯ, ಶುದ್ಧ ಶಾಕಾಹಾರಿ'. ಮ್ಯಾನೇಜರ್ ಮಯೂರ್‌ಭಾಯಿ ಕರಿ ಕೋಟು ತೊಟ್ಟು ಬಾಗಿಲಲ್ಲೇ ಕೈಮುಗಿದರು. ಒಳಗೆ ಕಿಟಕಿಗೊಂದರಂತೆ ಪುಟ್ಟ ಮೇಜು, ಮೇಜಿಗೆ ಎರಡೇ ಕುರ್ಚಿ. ಮಜ್ಜಿಗೆಯನ್ನು ವೈನ್ ಕುಡಿಯುವಂಥ, ಕಾಲುಳ್ಳ ಗಾಜಿನ ಲೋಟದಲ್ಲಿ ಕೊಡುತ್ತಿದ್ದರು. ಮಜ್ಜಿಗೆಗೆ ಪರವಾನಗಿ ಬೇಕಿರಲಿಲ್ಲ, ಆದರೆ ರಾಜ್ಯದಲ್ಲಿ ಪಾನನಿಷೇಧ ಇರುವುದರಿಂದ ಲೋಟಕ್ಕೆ ಬೇಕಿತ್ತು. ಪರವಾನಗಿಯ ಅರ್ಜಿಯಲ್ಲಿದ್ದ, ಯಾವ ಕಾಯಿಲೆಯ ನಿಮಿತ್ತ ಕುಡಿಯುತ್ತೀರಿ ಎಂಬ ಪ್ರಶ್ನೆಗೆ ಶ್ರೀಪಾದರಾಯರು 'ಬಾಯಾರಿಕೆ' ಎಂದು ಬರೆದು ಸಹಿ ಹಾಕಿದರು.

ಗಿರಿಜಾಬಾಯಿ ಕಿಟಕಿಯ ಮೇಜೊಂದನ್ನು ಗೊತ್ತು ಮಾಡಿಕೊಂಡು ಕುರ್ಚಿ ಎಳೆದರು. ಮಯೂರ್‌ಭಾಯಿ ವಿನಯದಿಂದ ಕುರ್ಚಿಯನ್ನು ಮತ್ತೆ ಒಳಕ್ಕೆ ತಳ್ಳಿ ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಹೀಗೊಂದು ಪ್ರಕಟಣೆ ಇತ್ತು:

'ಎದುರುಬದುರು ಕೂತು ಊಟ ಮಾಡಲಿಚ್ಛಿಸುವ ದಂಪತಿಗಳು ಸಹಭೋಜನದಲ್ಲಿ ಕನಿಷ್ಠ ಮೂರು ವರ್ಷಗಳ ಪೂರ್ವಾನುಭವ ಹೊಂದಿರತಕ್ಕದ್ದು. ಅನುಭವವಿಲ್ಲದೆ ಪರಸ್ಪರ ಮುಖ ನೋಡುತ್ತಾ ಉಂಡಲ್ಲಿ ಉಂಟಾಗುವ ಪರಿಣಾಮಗಳಿಗೆ ಆಡಳಿತವು ಹೊಣೆಯಲ್ಲ. ಆಜ್ಞಾನುಸಾರ, ಟ್ರಸ್ಟಿಗಳು.'

"ಇದೆಂಥಾ ನಿಯಮ ಭಾಯಿಸಾಹೇಬ?" ಎಂದು ಗಿರಿಜಾಬಾಯಿ ಹಿಂದಿಯಲ್ಲಿ ಕೇಳಿದರು.

"ಅನುಭವದಿಂದ ಬಂದ ನಿಯಮ ಬೆನ್," ಎನ್ನುತ್ತಾ, ಗುಜರಾತಿ ಕ್ರಮದಲ್ಲಿ ಅಕ್ಕನೆಂದು ಕರೆದು ವಿವರಿಸಿದರು ಮಯೂರ್‌ಭಾಯಿ. "ಮೊದಲ ತಿಂಗಳು ಸೂರತ್ತಿನ ದಂಪತಿ ಬಂದರು. ಹನ್ನೊಂದು ವರ್ಷದ ಸಂಸಾರ. ಎದುರುಬದುರು ಕೂತದ್ದು ಅವತ್ತೇ ಮೊದಲು. ಮಾತಾಡಲು ವಿಷಯವೇ ಸಿಗದೆ ಸೇಠ್ ಹದಿನೇಳು ಲೋಟ ಮಜ್ಜಿಗೆ ಕುಡಿದುಬಿಟ್ಟರು. ಮರುವಾರ ವಡೋದರಾದ ಗೋರ್ವಾದಿಂದ ಇನ್ನೊಂದು ಜೋಡಿ. ಗಂಡ ಹೇಗೆ ಅಗಿಯುತ್ತಾನೆ ಅನ್ನುವುದನ್ನು ಆ ಬೆನ್ ಅವತ್ತೇ ಮೊದಲ ಬಾರಿಗೆ ನೋಡಿದ್ದು. ಎದ್ದವರು ನೆಟ್ಟಗೆ ತವರಿಗೆ ಹೋದರು. ಇನ್ನೂ ಬಂದಿಲ್ಲ. ಟ್ರಸ್ಟಿಗಳು ಸಂಸಾರಸ್ಥರು, ಏನು ಮಾಡುತ್ತಾರೆ ಹೇಳಿ?"

ಶ್ರೀಪಾದರಾಯರು ಅರ್ಜಿ ಪಡೆದು, ಜೇಬಿನಿಂದ ಸ್ವಂತ ಪೆನ್ನು ತೆಗೆದು ತುಂಬತೊಡಗಿದರು. ಮದುವೆಯ ಪ್ರಮಾಣಪತ್ರದ ದೃಢೀಕೃತ ಪ್ರತಿ ಅವರ ಬ್ಯಾಗಿನಲ್ಲಿ ಸದಾ ಇರುತ್ತಿತ್ತು. 'ಸಹಭೋಜನದ ಅವಧಿ' ಎಂಬ ಕಾಲಮಿಗೆ ಬಂದಾಗ ಪೆನ್ನು ನಿಂತಿತು. ಸ್ವಲ್ಪ ಯೋಚಿಸಿ 'ಒಂದು ದಿನ, ಅಂದಾಜು ಐದು ತುತ್ತು' ಎಂದು ಬರೆದರು.

"ಇಪ್ಪತ್ತೆರಡು ವರ್ಷ ಅಂತ ಬರೀರಲ್ಲ!" ಎಂದರು ಗಿರಿಜಾಬಾಯಿ.

"ದಾಖಲೆಯೊಳಗ ಸುಳ್ಳು ಬರೀಲಿಕ್ಕೆ ಬರಂಗಿಲ್ಲ ಗಿರಿಜಾ."

"ಒಟ್ಟಿಗೆ ಕೂತು ಉಂಡಿಲ್ಲ ಅಂತನ ಇಲ್ಲಿಗೆ ಬಂದೇವಿ. ಉಣ್ಣದ ಅನುಭವ ಎಲ್ಲಿಂದ ತರೂದು?"

"ಅದು ಅರ್ಜಿದಾರರ ಜವಾಬ್ದಾರಿ," ಎಂದರು ಶ್ರೀಪಾದರಾಯರು. ಇದನ್ನು ಮಯೂರ್‌ಭಾಯಿ ಹೇಳಬೇಕಿತ್ತು. ಅಭ್ಯಾಸಬಲದಿಂದ ಇವರೇ ಹೇಳಿದರು.

ಅರ್ಜಿ ನಾಲ್ಕು ನಿಮಿಷದಲ್ಲಿ ತಿರಸ್ಕೃತವಾಯಿತು. ಆದರೆ ಟ್ರಸ್ಟಿಗಳು ಯಾರನ್ನೂ ಹಸಿವಿನಲ್ಲಿ ಕಳಿಸುವವರಲ್ಲ. ಉಪನಿಯಮ ನಾಲ್ಕರ ಪ್ರಕಾರ ಗಂಡನನ್ನು 'ಒಂಟಿ ಪುರುಷ' ವರ್ಗದಲ್ಲಿ ಕೂರಿಸಿ, ಜೊತೆಗೆ ಬಂದ ಹೆಂಡತಿಯನ್ನು 'ಬಡಿಸುವ ಸಹಾಯಕಿ' ಎಂದು ನಮೂದಿಸಿಕೊಳ್ಳಲು ಅವಕಾಶವಿತ್ತು. ಮುಕ್ಕಾಲು ಪಾಲು ದಂಪತಿಗಳು ಈ ಸೌಲಭ್ಯವನ್ನೇ ಬಳಸುತ್ತಾರೆಂದೂ, ಮನೆಯಲ್ಲಿದ್ದ ಹಾಗೇ ಅನಿಸುತ್ತದೆಂದು ಹೊಗಳಿ ಹೋಗುತ್ತಾರೆಂದೂ ಮಯೂರ್‌ಭಾಯಿ ತಿಳಿಸಿದರು. ಶ್ರೀಪಾದರಾಯರು ಉಪನಿಯಮವನ್ನು ಓದಿ, ಸರಿಯಾಗಿಯೇ ಇದೆ ಎಂದು ಕೂತರು.

ಗಿರಿಜಾಬಾಯಿಗೆ ಅಳು ಬಂತು. ಆದರೆ ಅದಕ್ಕಿಂತ ಮುಂಚೆ ಸಿಟ್ಟು ಬಂದಿದ್ದರಿಂದ ಅಳುವ ಸರದಿ ಬರಲಿಲ್ಲ. ರೇಷ್ಮೆ ಸೀರೆಯ ಮೇಲೆ ಏಪ್ರನ್ ಬಿಗಿದುಕೊಂಡು ಅಡುಗೆಮನೆಗೆ ನಡೆದರು.

ಗುಜರಾತಿನಲ್ಲಿ ಅಡುಗೆಯವರನ್ನು ಮಹಾರಾಜ ಎನ್ನುತ್ತಾರೆ. ಇಟಲಿಯ ಮಹಾರಾಜರ ಹೆಸರು ದಾಮೋದರ. ಮೂವತ್ತು ವರ್ಷ ಮದುವೆಮನೆಗಳಲ್ಲಿ ಜಿಲೇಬಿ ಸುತ್ತಿದವರು. ಇಟಲಿಯ ವಿದ್ಯೆಯನ್ನು ಪ್ಯಾಕೆಟ್ಟಿನ ಮೇಲಿನ ಚಿತ್ರ ನೋಡಿ ಕಲಿತಿದ್ದರು. ಬೆಳಿಗ್ಗೆ ಎಂಟಕ್ಕೆ ಒಲೆಯ ಮೇಲಿಟ್ಟ ಪಾಸ್ತಾ ಮಧ್ಯಾಹ್ನ ಒಂದಾದರೂ ಕುದಿಯುತ್ತಲೇ ಇತ್ತು. ಟೊಮೆಟೊ ಗೊಜ್ಜಿಗೆ ಅವರು ಬೆಲ್ಲ ಹಾಕುತ್ತಿದ್ದುದನ್ನು ಗಿರಿಜಾಬಾಯಿ ಕಣ್ಣಾರೆ ಕಂಡರು.

"ಅಯ್ಯ, ಇದು ನಮ್ಮ ಶಾವಿಗೀನ ಅಲ್ಲೇನು!" ಎಂದು ಕನ್ನಡದಲ್ಲೇ ಕೂಗಿ ಅವರ ಕೈಯಿಂದ ಸೌಟು ಕಸಿದುಕೊಂಡರು. ದಾಮೋದರ ಮಹಾರಾಜರು ತುಂಬಾ ದಿನದಿಂದ ಯಾರಾದರೂ ಕಸಿದುಕೊಳ್ಳಲಿ ಎಂದು ಕಾಯುತ್ತಿದ್ದವರ ಹಾಗೆ ಮೂಲೆಗೆ ಹೋಗಿ ಕೂತರು. ಗಿರಿಜಾಬಾಯಿ ಹೊಸ ಪ್ಯಾಕೆಟ್ಟು ಒಡೆದು, ನೀರು ಕುದಿಸಿ, ಬೆಂದ ಕೂಡಲೇ ಬಸಿದು, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟು ನಿಂಬೆಹುಳಿ ಹಿಂಡಿದರು. ತಟ್ಟೆಗೆ ಹಾಕಿ ಒಯ್ದು ಗಂಡನ ಮುಂದೆ ಕುಕ್ಕಿದರು.

ಶ್ರೀಪಾದರಾಯರು ಎರಡು ತುತ್ತು ತಿಂದು, "ಛಲೋ ಆಗೇದ," ಎಂದರು.

ಇಂಗಿನ ವಾಸನೆ ಹಬ್ಬಿ ಸುತ್ತಲಿನವರು ತಮಗೂ ಅದೇ ಬೇಕೆಂದರು. ಒಂದೂವರೆಯ ಹೊತ್ತಿಗೆ ಗೋಪುರವನ್ನು ಬಿಟ್ಟು ಜನ ಭೋಜನಾಲಯದ ಮುಂದೆ ಸಾಲುಗಟ್ಟಿದರು. ಇಷ್ಟು ದಿನ ಇಲ್ಲಿ ಸಿಗುತ್ತಿದ್ದ ಊಟವನ್ನು ಯಾರೂ ಮೆಚ್ಚಿಲ್ಲವಾದ್ದರಿಂದ, ಎಲ್ಲರೂ ವಾಸನೆಗೇ ಮೆಚ್ಚಿದ ಇದೇ ಅಸಲಿ ಇಟಲಿಯದ್ದಿರಬೇಕು ಎಂದು ಮಯೂರ್‌ಭಾಯಿ ಅಲ್ಲೇ ಘೋಷಿಸಿ, ಗಿರಿಜಾಬಾಯಿಯವರನ್ನು ಇಟಲಿಯ ಮಹಾರಾಜರ ಹುದ್ದೆಗೆ ತತ್ಕಾಲ ನೇಮಿಸಿದರು.

ನೇಮಕವಾದ ಕ್ಷಣದಿಂದ ಹನ್ನೊಂದನೇ ನಿಯಮ ಅನ್ವಯಿಸಿತು. ಟ್ರಸ್ಟಿಯೊಬ್ಬರ ಹೊಟ್ಟೆ ಒಮ್ಮೆ ಕೆಟ್ಟ ಮೇಲೆ ಬಂದ ನಿಯಮವದು: ಅಡುಗೆ ಮಾಡಿದವರು ಸಾರ್ವಜನಿಕರಿಗೆ ಕಾಣುವಂತೆ ಕಿಟಕಿಯ ಮೇಜಿನಲ್ಲಿ ಕೂತು, ಒಂದು ಪೂರ್ತಿ ತಟ್ಟೆಯನ್ನು, ಬಿಸಿ ಇರುವಾಗಲೇ, ಎಲ್ಲರಿಗಿಂತ ಮೊದಲು ತಿನ್ನತಕ್ಕದ್ದು. ತಪಾಸಣೆಯ ವೇಳೆ ತಾವೇ ಬಡಿಸಿಕೊಳ್ಳತಕ್ಕದ್ದಲ್ಲ, ಹತ್ತಿರದ ಸಂಬಂಧಿಕರು ಬಡಿಸತಕ್ಕದ್ದು. ದಾಮೋದರ ಮಹಾರಾಜರು ತಮ್ಮ ಅಡುಗೆ ತಮಗೆ ಒಗ್ಗದೆಂದು ವರ್ಷವಿಡೀ ಉಪವಾಸದ ಪತ್ರ ಕೊಟ್ಟು ತಪ್ಪಿಸಿಕೊಂಡಿದ್ದರು.

"ನಿಮಗೂ ಉಪವಾಸವೇ ಬೆನ್?" ಎಂದು ಮಯೂರ್‌ಭಾಯಿ ಆತಂಕದಿಂದ ಕೇಳಿದರು.

"ಇಲ್ಲ," ಎಂದರು ಗಿರಿಜಾಬಾಯಿ. "ಇವತ್ತಿಗೆ ಮುಗೀತು."

ಕಿಟಕಿಯ ಕುರ್ಚಿಯನ್ನು ಈ ಸಲ ಮಯೂರ್‌ಭಾಯಿಯೇ ಎಳೆದುಕೊಟ್ಟರು. ತಪಾಸಣೆಗೆ ಮುಂಚೆಯೇ ಎರಡು ತುತ್ತು ತಿಂದದ್ದು ನಿಯಮಬಾಹಿರವಾದ್ದರಿಂದ ಶ್ರೀಪಾದರಾಯರ ತಟ್ಟೆಯನ್ನು ಜಫ್ತಿ ಮಾಡಲಾಯಿತು. ಅವರೇ ಅದನ್ನು ಎತ್ತಿಕೊಟ್ಟರು. ಬೇರೆ ಸಂಬಂಧಿಕರು ಸ್ಥಳದಲ್ಲಿ ಇಲ್ಲದಿದ್ದುದರಿಂದ ಏಪ್ರನ್ ಕಟ್ಟಿಕೊಂಡು ಅವರೇ ಬಡಿಸಿದರು. ಬಡಿಸಿ ಅಭ್ಯಾಸವಿಲ್ಲದೆ ಅರ್ಧ ಮೇಜಿನ ಮೇಲೆ ಬಿತ್ತು. ಗಿರಿಜಾಬಾಯಿ ಬಿದ್ದದ್ದನ್ನು ಬದಿಗೆ ಸರಿಸಿದರು. ಹಬೆಯಾಡುವ ತಟ್ಟೆಯ ಮೇಲೆ ಮುಖ ಬಗ್ಗಿಸಿ ಒಂದು ಗಳಿಗೆ ಹಾಗೇ ಕೂತರು. ಆಮೇಲೆ ಉಂಡರು. ಅರ್ಧ ತಟ್ಟೆ ಆಗುವವರೆಗೆ ತಲೆ ಎತ್ತಲಿಲ್ಲ.

"ಹೆಂಗಾಗೇದ?" ಎಂದರು ನಿಂತಿದ್ದ ರಾಯರು.

"ಛಲೋ ಆಗೇದ," ಎಂದರು ಗಿರಿಜಾಬಾಯಿ. "ಹಂಗಾದ್ರ ಇಷ್ಟು ವರ್ಷ ನೀವು ಹೇಳಿದ್ದು ಖರೇನ." ಅವರ ಕಣ್ಣು ತುಂಬಿತ್ತು. ಒಣಮೆಣಸಿನಕಾಯಿಯಿಂದ ಎಂದು ತಪಾಸಣಾ ಪುಸ್ತಕದಲ್ಲಿ ದಾಖಲಾಗಿದೆ.

ಅಂದಿನಿಂದ ಏರ್ಪಾಡು ಸುಗಮವಾಗಿ ನಡೆಯಿತು. ವಾರದ ದಿನಗಳಲ್ಲಿ ಬಡಿಸಲೆಂದು ದಾಮೋದರ ಮಹಾರಾಜರಿಗೆ 'ಹತ್ತಿರದ ಸಂಬಂಧಿಕ'ರ ಹುದ್ದೆಗೆ ಮುಂಬಡ್ತಿ ಕೊಡಲಾಯಿತು. ಭಾನುವಾರ ಮತ್ತು ರಜಾದಿನಗಳಲ್ಲಿ ರಾಯರೇ ಹೋಗಿ ಬಡಿಸುತ್ತಿದ್ದರು. ಆಮೇಲೆ ಗಿರಾಕಿಗಳದ್ದೆಲ್ಲ ಮುಗಿದು ಉಳಿದದ್ದನ್ನು ಅಡುಗೆಮನೆಯಲ್ಲಿ ಒಬ್ಬರೇ ಉಣ್ಣುತ್ತಿದ್ದರು. ಉದ್ಯಾನದ ಮೂವತ್ತೆಂಟು ನಿಯಮಗಳನ್ನು ಅವರು ತಿದ್ದಿ ಅರವತ್ತೊಂದು ಮಾಡಿಕೊಟ್ಟ ಮೇಲೆ ಟ್ರಸ್ಟಿಗಳು ಅವರನ್ನು ಗೌರವ ನಿಯಮ ಸಲಹೆಗಾರರನ್ನಾಗಿ ಮಾಡಿಕೊಂಡರು. ಒಂದು ಸೋಮವಾರ ಕಚೇರಿಯಲ್ಲಿ ಅವರು ನನಗೆ, "ಆರಿದ ಊಟಾನೂ ಅಭ್ಯಾಸ ಆಗ್ತದ," ಎಂದರು. ಎಷ್ಟು ವರ್ಷಕ್ಕೆ ಆಗುತ್ತದೆ ಸರ್ ಎಂದು ಕೇಳಿದೆ. ಅವರು ಮುಂದಿನ ಫೈಲು ತೆಗೆದರು.

1999ರ ಡಿಸೆಂಬರ್ ಎಂಟಕ್ಕೆ ಸರಿಯಾಗಿ ಮೂರು ವರ್ಷ ತುಂಬಿತು. ಗಿರಿಜಾಬಾಯಿಯವರು ಆ ಮೂರು ವರ್ಷಗಳ ಅನುಭವವನ್ನು ಕಾಣಿಸಿ, ಪತಿಯೊಡನೆ ಎದುರುಬದುರು ಊಟಕ್ಕೆ ಅನುಮತಿ ಕೋರಿ ಹೊಸ ಅರ್ಜಿ ಹಾಕಿದರು. ಸಾಕ್ಷಿಯಾಗಿ ನಾನು ಸಹಿ ಮಾಡಿದ್ದೆ. ಅರ್ಜಿ ಸಲಹೆಗಾರರ ಮೇಜಿಗೆ ಹೋಯಿತು. ಆದೇಶ ಹೀಗೆ ಬಂತು:

'ಅರ್ಜಿದಾರಳಿಗೆ ಮೂರು ವರ್ಷ ಉಂಡ ಅನುಭವವಿರುವುದು ನಿಜ. ಆಕೆಯ ಪತಿಗೆ ಮೂರು ವರ್ಷ ಬಡಿಸಿದ ಅನುಭವವಿರುವುದೂ ನಿಜ. ಅದಕ್ಕೂ ಹಿಂದಿನ ಇಪ್ಪತ್ತೆರಡು ವರ್ಷಗಳಲ್ಲಿ ಇದರ ತದ್ವಿರುದ್ಧ ಅನುಭವ ಇರುವುದನ್ನೂ ಗಮನಿಸಲಾಗಿದೆ. ಇವುಗಳನ್ನು ಕೂಡಿಸಿ ಸಹಭೋಜನವೆಂದು ಪರಿಗಣಿಸಲು ಅವಕಾಶವಿಲ್ಲ. ಅರ್ಜಿ ವಜಾ.'

ಮುಂದಿನ ಭಾನುವಾರ ನಾನೂ ಹೋಗಿದ್ದೆ. ಗಿರಿಜಾಬಾಯಿ ಕಿಟಕಿಯ ಮೇಜಿನಲ್ಲಿ ಉಣ್ಣುತ್ತಾ, ಎಡಗೈಯಲ್ಲಿ ಆದೇಶ ಹಿಡಿದು ಓದಿದರು. ಎದುರಿನ ಕುರ್ಚಿ ಖಾಲಿ ಇತ್ತು. ರಾಯರು ಸೌಟು ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ಸಹಿ ನಿಮ್ಮದ ಅದ."

"ಹೌದು. ನಿಯಮದಾಗ ಬರಂಗಿಲ್ಲ ಗಿರಿಜಾ."

"ಮ್ಯಾಲ ಅಪೀಲು ಯಾರಿಗೆ ಮಾಡೂದು?"

"ಅದೂ ನನಗ."

ಗಿರಿಜಾಬಾಯಿ ಖಾಲಿ ಕುರ್ಚಿಯನ್ನು ನೋಡಿದರು, ಗಂಡನನ್ನು ನೋಡಿದರು, ಕಾಗದ ಮಡಚಿ ಮಜ್ಜಿಗೆ ಲೋಟದ ಕೆಳಗಿಟ್ಟರು.

"ಹೋಗ್ಲಿ ಬಿಡ್ರಿ. ಇನ್ನೊಂದೀಟು ಶಾವಿಗಿ ಹಾಕ್ರಿ. ಬಿಸೀದು."

ರಾಯರು ಒಳಗೆ ಹೋಗಿ ಬಿಸಿಯದನ್ನೇ ತಂದರು. ಈಗ ಅವರ ಕೈಯಿಂದ ಒಂದೆಳೆಯೂ ಮೇಜಿನ ಮೇಲೆ ಬೀಳುವುದಿಲ್ಲ. ಹೆಂಡತಿ ಉಂಡು ಮುಗಿಸುವವರೆಗೆ ನಿಂತಿದ್ದು, ತಟ್ಟೆ ಎತ್ತಿಕೊಂಡು, ಅಡುಗೆಮನೆಗೆ ಹೋಗಿ ಉಳಿದದ್ದನ್ನು ಉಂಡರು.