ಈರುಳ್ಳಿ ಬಣ್ಣದ ಗ್ರಹಚಾರ

ದೊಡ್ಡಬಳ್ಳಾಪುರದ ಯೋಗಾನಂದನ ಕಂಪ್ಯೂಟರಿಗೆ ಬಣ್ಣ ಸಾಲದು ಎಂದು ಮೊದಲು ಅಂದವರು ಸೀರೆ ವ್ಯಾಪಾರದ ಸಾಹುಕಾರ ಆದಿನಾರಾಯಣಪ್ಪ. "ಬೆಂಗ್ಳೂರಲ್ಲಿ ಯಾರೋ ಲಕ್ಷಗಟ್ಲೆ ಬಣ್ಣ ತೋರಿಸ್ತಾರಂತೆ. ನಿಂದು ಬರೀ ಇನ್ನೂರೈವತ್ತಾರಂತಲ್ಲಪ್ಪಾ?" ಅಂದರು, ಎಲೆಅಡಿಕೆ ಹಾಕಿಕೊಂಡು ಹೊರಟುಹೋದರು. ಯೋಗಾನಂದನ ನೆಮ್ಮದಿಯೂ ಅವರ ಹಿಂದೆಯೇ ಹೊರಟುಹೋಯಿತು.

ಹೋಗದೆ ಏನು ಮಾಡೀತು? ಮನೆಯಲ್ಲಿದ್ದ ಎರಡೂ ಮಗ್ಗ ಮಾರಿ ಆ ಕಂಪ್ಯೂಟರ್ ತಂದಿದ್ದ ಪುಣ್ಯಾತ್ಮ. ಅದರಲ್ಲಿ ಸೀರೆಯ ಡಿಸೈನು ಬಿಡಿಸಿಕೊಡುವುದೇ ಈಗ ಅವನ ಕಸುಬು. ಹೋದ ವರ್ಷ ಅವನು ಡಿಸೈನು ಮಾಡಿಕೊಟ್ಟ ಈರುಳ್ಳಿ ಬಣ್ಣದ ಸೀರೆ ಅಂಗಡಿಯಲ್ಲಿ ಒಂದೂ ಉಳಿಯದೆ ಖರ್ಚಾಗಿತ್ತು. ಗುರುವಾರ ಸಾಯಂಕಾಲ ಸಾಹುಕಾರರು ಬಂದು ನೋಡಿ ಒಪ್ಪಿದರೆ, ವರ್ಷದ ಡಿಸೈನೆಲ್ಲ ಇವನದೇ. ಒಪ್ಪದಿದ್ದರೆ ಬಾಶೆಟ್ಟಿಹಳ್ಳಿಯ ಯಾವುದಾದರೂ ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗಬೇಕು. ಹಾಗಾಗಿ ಬುಧವಾರವೇ ಬೆಂಗಳೂರಿಗೆ ಓಡಿ, ಪರದೆಯ ಮೇಲೆ ಬಣ್ಣ ಮೂಡಿಸುವ ಹೊಸ ಡಿಸ್‌ಪ್ಲೇ ಕಾರ್ಡು ತಂದ.

ಗುರುವಾರ ಬೆಳಿಗ್ಗೆ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಲು ಕೂತರೆ, ಕರೆಯದೆಯೇ ಪಕ್ಕದ ಮನೆಯ ಬೈಲಪ್ಪ ಹಾಜರು. ಅವನು ಮಗ್ಗ ರಿಪೇರಿ ಮಾಡುವವನು. ಕೈಯಲ್ಲಿ ಸ್ಪ್ಯಾನರ್ ಬೇರೆ.

"ಮಗ್ಗ ಆದ್ರೇನು, ಕಂಪ್ಯೂಟರ್ ಆದ್ರೇನು, ಸ್ಕ್ರೂ ಬಿಚ್ಚೋದು, ಸ್ಕ್ರೂ ಹಾಕೋದು. ಸರಿ ಆ ಕಡೆಗೆ!"

ಒಳಗೆ ಬೀದಿಯ ಮಗ್ಗಗಳ ನೂಲಿನ ಧೂಳು ಒಂದು ದಿಂಬಿಗಾಗುವಷ್ಟಿತ್ತು. ಬೈಲಪ್ಪ ಉಫ್ ಎಂದು ಊದಿದ. ಅದಷ್ಟೂ ಯೋಗಾನಂದನ ಮುಖಕ್ಕೆ ಬಂತು.

ಅಷ್ಟರಲ್ಲಿ ಹೆಂಡತಿ ಶಕುಂತಲಮ್ಮ ಪೂಜೆಯ ತಟ್ಟೆ ಹಿಡಿದು ಬಂದಳು. "ರೀ, ಕುಂಕುಮ ಇಡ್ದೆ ಹೊಸ ಸಾಮಾನು ಒಳಗೆ ಹಾಕ್ಬೇಡಿ."

"ಅಯ್ಯೋ, ಅದಕ್ಕಿಟ್ರೆ ಕೆಟ್ಟೋಗುತ್ತೆ ಕಣೆ!"

"ಪೆಟ್ಟಿಗೆ ಮೇಲೇ ಇಡ್ತೀನಿ ಬಿಡಿ. ಈ ಸೀರೆ ಹೆಂಗಿದೆ ಹೇಳಿ, ಪೂಜೆಗೆ ಅಂತ ಟ್ರಂಕಿಂದ ತೆಗೆದೆ."

"ಚೆನ್ನಾಗಿದೆ, ಚೆನ್ನಾಗಿದೆ," ಅಂದ ಯೋಗಾನಂದ, ಬಿದ್ದ ಸ್ಕ್ರೂಗಾಗಿ ನೆಲ ತಡಕುತ್ತಾ.

ಕಾರ್ಡು ಕೂತಿತು. ಬೈಲಪ್ಪ ಹಿಂದುಗಡೆ ಬಗ್ಗಿ ನೋಡಿ, "ಲೇ, ಮಾನಿಟರ್ ವೈರು ಅಳ್ಳಾಡ್ತಿದೆಯಲ್ಲೋ!" ಎಂದು ಜೇಬಿನಿಂದ ದಾರ ತೆಗೆದು ಅದನ್ನು ಬಿಗಿಯಾಗಿ ಕಟ್ಟಿದ. "ಇದು ನನ್ನ ಕೆಲಸದ ದಾರ. ಹೋಗುವಾಗ ಬಿಚ್ಕೊಂಡು ಹೋಗ್ತೀನಿ ಮತ್ತೆ." ಆದರೆ ಪರದೆ ಹೊತ್ತಿಕೊಂಡಾಗ ಆ ಬಣ್ಣಗಳ ಸೊಗಸು ನೋಡಿ ಹೋಗುವುದನ್ನೇ ಮರೆತು ಕುಕ್ಕರಿಸಿಬಿಟ್ಟ.

ಸಾಯಂಕಾಲ ಸಾಹುಕಾರರು ಸ್ಕೂಟರಿನಲ್ಲಿ ಬಂದರು. ರೇಷ್ಮೆಗೆ ಬಣ್ಣ ಹಾಕುವ ಮುದುಕ ಪಾಪಯ್ಯ ಹಿಂದೆ ಕೂತಿದ್ದ.

"ಲಕ್ಷ ಬಣ್ಣ ಬಂದಿದೆ ಸಾಹುಕಾರ್ರೇ!" ಅಂದ ಯೋಗಾನಂದ.

"ಅದೆಲ್ಲಾ ಆಮೇಲೆ. ಮೊದ್ಲು ಆ ಈರುಳ್ಳಿ ಬಣ್ಣದ್ದು ತೆಗಿ. ದೇವನಹಳ್ಳಿ ಮದುವೆಯೋರು ಅದೇ ಬೇಕು ಅಂತ ಹಟ ಹಿಡಿದಿದ್ದಾರೆ. ಅಂಗಡೀಲಿ ನೋಡೋಕೂ ಒಂದಿಲ್ಲ."

ಯೋಗಾನಂದ ಉತ್ಸಾಹದಿಂದ ಡಿಸೈನು ತೆರೆದ. ಪರದೆ ತುಂಬ ಒಲೆಯ ಬೂದಿಯ ಬಣ್ಣದ ಸೀರೆ.

"ಏನಪ್ಪಾ ಇದು? ಮದುವೆ ಹೆಣ್ಣಿಗೆ ಬೂದಿ ಉಡಿಸ್ತೀಯಾ?"

ಪಾಪಯ್ಯ ಕಣ್ಣು ಕಿರಿದು ಮಾಡಿ ನೋಡಿದ. "ಇದಲ್ಲ ಕಣಪ್ಪಾ. ಆವತ್ತು ನಾನು ರೇಷ್ಮೆ ನೂಲಿನ ಲಡಿನ ಇದೇ ಪರದೆ ಗಾಜಿಗೆ ಹಿಡ್ದಲ್ವಾ ಬಣ್ಣ ಹೊಂದಿಸಿದ್ದು? ಎಲ್ಲಾ ಕಣ್ಣಳತೆ, ಬರೆದಿಟ್ಟಿಲ್ಲ."

ಯೋಗಾನಂದನಿಗೆ ಆಗ ಹೊಳೆಯಿತು. ತಾನು ಹಾಕಿದ್ದು ಬೂದಿ ಬಣ್ಣವನ್ನೇ. ಅದನ್ನು ಈರುಳ್ಳಿಯಾಗಿ ತೋರಿಸಿದ್ದು ಹಳೇ ಕಾರ್ಡಿನ ಕಾಯಿಲೆ! ಊರೆಲ್ಲ ಹೊಗಳಿದ್ದು ಆ ಕಾಯಿಲೆಯನ್ನು! "ಎರಡೇ ನಿಮಿಷ," ಎಂದು ಬೆವರುತ್ತಾ ಹಳೇ ಕಾರ್ಡನ್ನೇ ವಾಪಸ್ ಹಾಕಿದ. ಬೈಲಪ್ಪ ವೈರನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿದ. ಪರದೆ ಹೊತ್ತಿತು. ಆಗಲೂ ಬೂದಿಯೇ.

ಸಾಹುಕಾರರು ಎದ್ದು ನಿಂತರು. ಶಕುಂತಲಮ್ಮ ಕಾಫಿ ತಂದಳು. ಲೋಟಕ್ಕೆ ಕೈ ಚಾಚಿದ ಸಾಹುಕಾರರು ಹಾಗೇ ನಿಂತುಬಿಟ್ಟರು.

"ಅಮ್ಮಾ, ನೀವು ಉಟ್ಟಿರೋ ಸೀರೆ..."

"ಇದಾ? ಎಳೆ ತಪ್ಪಿದೆ ಅಂತ ಹೋದ ವರ್ಷ ನೀವೇ ಬಿಟ್ಟೋಗಿದ್ದಲ್ವಾ? ಬೆಳಿಗ್ಗೆಯಿಂದ ಇವರ ಕಣ್ಣ ಮುಂದೇನೇ ಓಡಾಡ್ತಿದೀನಿ!"

ಅಪ್ಪಟ ಈರುಳ್ಳಿ ಬಣ್ಣ. ಆಕೆ ಒಳಗೆ ಹೋಗಿ ಬೇರೆ ಸೀರೆ ಉಟ್ಟು, ಅದನ್ನು ಮಡಿಸಿ ತಂದುಕೊಟ್ಟಳು. ಪಾಪಯ್ಯ ಬೆಳಕಿಗೆ ಹಿಡಿದು ತಲೆಯಾಡಿಸಿದ. ಯೋಗಾನಂದನಿಗೆ ಹೋದ ಜೀವ ಬಂದಂತಾಯಿತು.

"ಹಂಗಾದ್ರೆ ಸಾಹುಕಾರ್ರೇ, ವರ್ಷದ ಡಿಸೈನು..."

"ಸೀರೆನೇ ಸಿಕ್ತಲ್ಲಪ್ಪಾ! ಬಣ್ಣ, ಬುಟ್ಟಾ, ಅಂಚು ಎಲ್ಲಾ ಇದರಲ್ಲೇ ಇದೆ. ನಮ್ಮ ಮಗ್ಗದೋರು ಇದನ್ನ ನೋಡ್ಕೊಂಡೇ ನೇಯ್ತಾರೆ. ಬೂದಿ ತೋರಿಸೋ ಪೆಟ್ಟಿಗೆ ನಂಬ್ಕೊಂಡು ನಾನೇನು ಮಾಡ್ಲಿ?" ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಸ್ಕೂಟರಿನ ಸದ್ದು ಬೀದಿಯ ಮಗ್ಗಗಳ ಸದ್ದಿನಲ್ಲಿ ಮುಳುಗಿತು.

"ನಾನೂ ಬರ್ತೀನಿ ಕಣೋ," ಎಂದು ಬೈಲಪ್ಪ ಹಿಂದೆ ಬಗ್ಗಿ ತನ್ನ ದಾರ ಬಿಚ್ಚಿಕೊಂಡ. ವೈರು ಜೋತುಬಿತ್ತು. ಪರದೆ ಒಮ್ಮೆ ನಡುಗಿತು. ಬೂದಿ ಸೀರೆ ನೋಡನೋಡುತ್ತಿದ್ದಂತೆ ಅಪ್ಪಟ ಈರುಳ್ಳಿ ಬಣ್ಣಕ್ಕೆ ತಿರುಗಿತು.

ಯೋಗಾನಂದ ಹಿಂದೆ ಬಗ್ಗಿ ನೋಡಿದ. ಕಾಯಿಲೆ ಇದ್ದದ್ದು ಕಾರ್ಡಿಗಲ್ಲ, ಅಳ್ಳಾಡುವ ವೈರಿಗೆ!

"ಬಂತಲ್ರೀ ಅದೇ ಬಣ್ಣ!" ಅಂದಳು ಶಕುಂತಲಮ್ಮ, ಸೊಂಟದ ಮೇಲೆ ಕೈಯಿಟ್ಟು. "ನನ್ನ ಸೀರೆ ಅಂತೂ ಹೋಯ್ತು. ಈಗ ಇದನ್ನ ನೋಡ್ಕೊಂಡು ನನಗೊಂದು ನೇಯ್ದು ಕೊಡಿ."

ಯೋಗಾನಂದ ಮಗ್ಗವಿದ್ದ ಜಾಗವನ್ನು ನೋಡಿದ. ಅಲ್ಲಿ ಕಂಪ್ಯೂಟರ್ ಕೂತಿತ್ತು.